ಇಳಿಜಾರಿನ ಮನೆಯ ಸೆಲ್ಲಾರಿನಲ್ಲಿ ಮಲಗುವ ಕೋಣೆ ಮತ್ತು ಬಚ್ಚಲು ಕಟ್ಟುವ ಬಗೆ

ಹಾಸನ ಜಿಲ್ಲೆಯ ಸಕಲೇಶಪುರದ ಕಡೆಯಾಗಲಿ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕೊಪ್ಪ, ಶೃಂಗೇರಿ ಸೀಮೆಯಾಗಲಿ, ಸಮತಟ್ಟಾದ ನಿವೇಶನ ಸಿಗುವುದು ಅಪರೂಪವಾದ್ದರಿಂದ ಅಲ್ಲಿನ ಬಹಳಷ್ಟು ಮನೆಗಳು ಗುಡ್ಡದ ಓರೆಯನ್ನು ಕಡಿದು ಕಟ್ಟಿದವು. ಮುಂಬಾಗಿಲು ರಸ್ತೆಯ ಮಟ್ಟಕ್ಕೆ ಬರಲೆಂದು ಸೈಜುಗಲ್ಲಿನ ಗೋಡೆಯನ್ನೋ ಕಾಂಕ್ರೀಟ್ ಕಂಬಗಳನ್ನೋ ಎಬ್ಬಿಸಿದಾಗ ಕೆಳಗೆ ಒಂದು ಖಾಲಿ ಜಾಗ ತಾನಾಗಿಯೇ ಉಳಿಯುತ್ತದೆ. ಕಾಫಿ ಚೀಲ, ಸೌದೆ, ಹಳೆಯ ಹೆಂಚು, ಔಷಧಿ ಹೊಡೆಯುವ ಯಂತ್ರ ಇವೆಲ್ಲವನ್ನು ತುಂಬಿಡುವ ಆ ಸೆಲ್ಲಾರನ್ನು, ಮನೆಯಲ್ಲಿ ಜನ ಹೆಚ್ಚಿದಾಗಲೋ, ಕೆಳಗಿನ ಅಂಗಳಕ್ಕೆ ನೇರವಾಗಿ ತೆರೆಯುವ ಕೋಣೆಯೊಂದು ಹಿರಿಯರಿಗೆ ಬೇಕೆನಿಸಿದಾಗಲೋ, ವಾಸಕ್ಕೆ ಅಣಿಗೊಳಿಸುವ ಯೋಚನೆ ಬರುತ್ತದೆ. ಸಕಲೇಶಪುರದ ಬಳಿಯ ನಮ್ಮ ಮನೆಯಲ್ಲಿ ನಾನು ಈ ಕೆಲಸವನ್ನು ಎರಡು ಸಲ ಮಾಡಿಸಬೇಕಾಯಿತು. ಮೊದಲ ಸಲ ಫೆಬ್ರವರಿಯ ಬಿಸಿಲಿನಲ್ಲಿ ಗೋಡೆ ಒಣಗಿರುವುದನ್ನು ನೋಡಿ, ಪ್ಲಾಸ್ಟರ್, ಪುಟ್ಟಿ, ಬಣ್ಣ, ಟೈಲ್ಸ್ ಎಲ್ಲವನ್ನೂ ಎರಡೇ ತಿಂಗಳಲ್ಲಿ ಮುಗಿಸಿದ್ದೆ. ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆಯ ಬುಡದ ಬಣ್ಣ ಹಪ್ಪಳದಂತೆ ಉಬ್ಬಿತು. ಪುಷ್ಯ ಮಳೆಯ ಹೊತ್ತಿಗೆ ಟೈಲ್ಸಿನ ಸಂದುಗಳಲ್ಲಿ ಜಲ ಎದ್ದು ಮಂಚದ ಕಾಲಿಗೆ ಬೂಷ್ಟು ಹಿಡಿಯಿತು. ಮುಂದಿನ ಮಾತುಗಳೆಲ್ಲ ಎರಡನೆಯ ಸಲ ಕಲಿತ ಕ್ರಮದಲ್ಲಿವೆ, ಹಾಗಾಗಿ ಇದರಲ್ಲಿ ಕೋಣೆಯ ಅಂದಚಂದಕ್ಕಿಂತ ನೀರಿನ ವಿಚಾರವೇ ಹೆಚ್ಚಾಗಿದೆ.

ಎಲ್ಲ ಸೆಲ್ಲಾರುಗಳೂ ಮಲಗುವ ಕೋಣೆಯಾಗಲು ಯೋಗ್ಯವಲ್ಲ. ನಾಲ್ಕೂ ಕಡೆ ಮಣ್ಣಿನಿಂದ ಮುಚ್ಚಿದ, ಪೂರ್ತಿ ನೆಲದೊಳಗಿರುವ ನೆಲಮಾಳಿಗೆಯನ್ನು ವಾಸಕ್ಕೆ ಬಳಸುವುದನ್ನು ಕಟ್ಟಡ ನಿಯಮಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದು ದಾಸ್ತಾನಿಗೆ, ವಾಹನ ನಿಲ್ಲಿಸುವುದಕ್ಕೆ, ಯಂತ್ರೋಪಕರಣಗಳಿಗೆ ಮೀಸಲು. ಆದರೆ ಇಳಿಜಾರಿನ ಮನೆಯಲ್ಲಿ ಒಂದು ಬದಿ ಮಾತ್ರ ಧರೆಗೆ, ಎಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಬದಿಗೆ, ಒರಗಿದ್ದು, ಅದರ ಎದುರು ಬದಿ ಪೂರ್ತಿಯಾಗಿ ಅಂಗಳಕ್ಕೆ ತೆರೆದಿದ್ದರೆ ಅದು ಹೆಸರಿಗಷ್ಟೇ ಸೆಲ್ಲಾರು, ನಿಜದಲ್ಲಿ ಕೆಳ ಅಂತಸ್ತು. ಇಂಥ ಜಾಗವನ್ನು ಮಾತ್ರ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೂ ಮನೆಯ ಮೂಲ ನಕ್ಷೆಯನ್ನು ಒಯ್ದು, ಊರಿಗೆ ತಕ್ಕಂತೆ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಬದಲಾವಣೆಗೆ ಒಪ್ಪಿಗೆ ಪಡೆದು ಮುಂದುವರಿಯಬೇಕು. ಮುಂದೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ದಾಖಲೆಯಲ್ಲಿಲ್ಲದ ಕೋಣೆ ತಕರಾರಿಗೆ ದಾರಿಯಾಗುತ್ತದೆ.

ಎತ್ತರದ ಲೆಕ್ಕವನ್ನೂ ಆಗಲೇ ಹಾಕಿಕೊಳ್ಳಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ನೆಲದಿಂದ ಸೂರಿನವರೆಗೆ 2.75 ಮೀಟರ್, ಅಂದರೆ ಸುಮಾರು 9 ಅಡಿ ಎತ್ತರ ಇರಬೇಕು, ಬಚ್ಚಲಿಗೆ 2.1 ಮೀಟರ್ ಸಾಕು. ಕೋಣೆಯ ವಿಸ್ತೀರ್ಣ 9.5 ಚದರ ಮೀಟರಿಗಿಂತಲೂ, ಸ್ನಾನ ಮತ್ತು ಶೌಚ ಎರಡೂ ಒಂದೇ ಕಡೆ ಇರುವ ಬಚ್ಚಲಿನದು 2.8 ಚದರ ಮೀಟರಿಗಿಂತಲೂ ಕಡಿಮೆ ಇರಬಾರದು. ನಮ್ಮದು 10 ಅಡಿಗೆ 12 ಅಡಿಯ ಕೋಣೆ, 5 ಅಡಿಗೆ 7 ಅಡಿಯ ಬಚ್ಚಲು. ಇಬ್ಬರಿಗೆ ಇದು ಇಕ್ಕಟ್ಟೆನಿಸುವುದಿಲ್ಲ. ಎತ್ತರ ಅರ್ಧ ಅಡಿ ಕಡಿಮೆ ಬಿತ್ತೆಂದು ನೆಲವನ್ನು ಅಗೆದು ತಗ್ಗಿಸಲು ಹೊರಡುವವರಿದ್ದಾರೆ. ಪಾಯದ ತಳ ಎಲ್ಲಿದೆ ಎಂಬುದನ್ನು ಒಂದು ಮೂಲೆಯಲ್ಲಿ ಗುಂಡಿ ತೋಡಿ ನೋಡದೆ ಅದಕ್ಕೆ ಕೈಹಾಕಬಾರದು. ಪಾಯದ ತಳಕ್ಕಿಂತ ಕೆಳಗೆ ಅದರ ಪಕ್ಕದಲ್ಲೇ ಅಗೆದರೆ ಮೇಲಿನ ಮನೆಯೇ ಕೂರುತ್ತದೆ. ಅಷ್ಟು ಆಳಕ್ಕೆ ಹೋಗಲೇಬೇಕಾದ ಪರಿಸ್ಥಿತಿ ಇದ್ದರೆ ಅದು ಮೇಸ್ತ್ರಿಯ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಹೇಳಬೇಕಾದ ಕೆಲಸ.

ಜಾಗ ಯೋಗ್ಯವೆಂದು ಕಂಡ ಮೇಲೆ ಮೊದಲು ಮಾಡಬೇಕಾದದ್ದು ಕಾಯುವುದು. ಒಂದು ಮಳೆಗಾಲ ಪೂರ್ತಿ ಸೆಲ್ಲಾರನ್ನು ಖಾಲಿ ಮಾಡಿ, ಗುಡಿಸಿ, ಗೋಡೆಯ ಯಾವ ಕಲ್ಲಿನ ಸಂದಿನಿಂದ ನೀರು ಒಸರುತ್ತದೆ, ನೆಲದಲ್ಲಿ ಎಲ್ಲಿ ಜಲ ಏಳುತ್ತದೆ, ಮಳೆ ನಿಂತು ಎಷ್ಟು ದಿನಕ್ಕೆ ಅದು ಆರುತ್ತದೆ ಎಂಬುದನ್ನು ಇದ್ದಿಲಿನಿಂದ ಗೋಡೆಯ ಮೇಲೇ ಗುರುತು ಹಾಕುತ್ತ ಬರಬೇಕು. ಜುಲೈ ಮತ್ತು ಆಗಸ್ಟಿನ ಗುರುತುಗಳೇ ಮುಂದಿನ ಕೆಲಸಕ್ಕೆ ನಕ್ಷೆ. ಕಡೂರು, ಅರಸೀಕೆರೆಯಂಥ ಬಯಲುಸೀಮೆಯ ಕಡೆಯವರಿಗೆ ಇದು ಅತಿಯೆನಿಸಬಹುದು. ಘಟ್ಟದ ಅಂಚಿನವರಿಗೆ ಅನಿಸದು. ಗೋಡೆಯ ಮೇಲೆ ಬಿಳಿ ಉಪ್ಪಿನ ಪುಡಿ ಎದ್ದಿದ್ದರೆ, ಮಣ್ಣಿನ ನೀರು ಕಲ್ಲು ಗಾರೆಗಳ ಮೂಲಕ ಹಾದುಬಂದು, ಹೊರಗೆ ಆರಿ, ಉಪ್ಪನ್ನು ಬಿಟ್ಟುಹೋಗುತ್ತಿದೆ ಎಂದರ್ಥ. ತೇವ ಗೋಡೆಯದೋ ಗಾಳಿಯದೋ ಎಂದು ತಿಳಿಯದಿದ್ದರೆ, ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹಾಳೆಯ ಹಿಂಬದಿಯಲ್ಲಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ; ಕೋಣೆಯ ಕಡೆಗಿರುವ ಮುಖದಲ್ಲಿ ಕೂತಿದ್ದರೆ ಒದ್ದೆ ಗಾಳಿ ತಣ್ಣನೆಯ ಗೋಡೆಗೆ ತಾಗಿ ಬೆವರಿಳಿಯುತ್ತಿದೆ. ಮೊದಲನೆಯದಕ್ಕೆ ಕಾಲುವೆ ಬೇಕು, ಎರಡನೆಯದಕ್ಕೆ ಕಿಟಕಿ. ಮಲೆನಾಡಿನಲ್ಲಿ ಬಹುತೇಕ ಎರಡೂ ಬೇಕಾಗುತ್ತವೆ.

ನೀರನ್ನು ತಡೆದು ನಿಲ್ಲಿಸುತ್ತೇವೆಂದು ಹೊರಡುವುದೇ ಹೆಚ್ಚಿನವರು ಮಾಡುವ ತಪ್ಪು, ನಾನು ಮಾಡಿದ್ದೂ ಅದನ್ನೇ. ಧರೆಯ ಹಿಂದೆ ತುಂಬಿಕೊಂಡ ನೀರು ಗೋಡೆಯನ್ನು ಒತ್ತುತ್ತಲೇ ಇರುತ್ತದೆ. ಒಳಗಿನಿಂದ ಎಂಥ ಬಣ್ಣ ಬಳಿದರೂ ಆ ಒತ್ತಡ ಅದನ್ನು ಹಿಂದಿನಿಂದ ಎಬ್ಬಿಸುತ್ತದೆ. ನೀರಿಗೆ ಹೋಗಲು ಸುಲಭವಾದ ಬೇರೊಂದು ದಾರಿ ತೋರಿಸಿದರೆ ಗೋಡೆಯ ತಂಟೆಗೆ ಅದು ಬರುವುದಿಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವುದು ಇದೇ ಲೆಕ್ಕದಿಂದ. ಮನೆಗೂ ಅದನ್ನೇ ಅನ್ವಯಿಸಬೇಕು. ಇಳಿಜಾರಿನ ಮನೆಗೆ ಇನ್ನೊಂದು ಅನುಕೂಲವಿದೆ: ಬಸಿದ ನೀರನ್ನು ಪಂಪಿನಿಂದ ಎತ್ತಬೇಕಾಗಿಲ್ಲ, ಅದು ತಾನಾಗಿಯೇ ಕೆಳಗಿನ ಅಂಗಳದತ್ತ ಹರಿಯುತ್ತದೆ.

ಅಗೆಯುವುದಕ್ಕಿಂತ ಮುಂಚೆ ಮೇಲಿನಿಂದ ಬರುವ ನೀರನ್ನು ಕಡಿಮೆ ಮಾಡಬೇಕು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ, ಪೈಪಿನಲ್ಲಿ ಇಳಿಸಿ, ಮನೆಯ ಕೆಳಬದಿಗೆ ಸಾಗಿಸಬೇಕು. ಮುಂದಿನ ಅಂಗಳದ ಇಳುಕಲು ಮನೆಯ ಕಡೆಗಿದ್ದರೆ ಅದನ್ನು ತಿರುಗಿಸಬೇಕು. ರಸ್ತೆಬದಿಯ ಚರಂಡಿ ಕಟ್ಟಿಕೊಂಡಿದೆಯೇ, ನೆಲದೊಳಗಿನ ನೀರಿನ ತೊಟ್ಟಿ ಸೋರುತ್ತಿದೆಯೇ ಎಂದು ನೋಡಬೇಕು. ಮನೆಯ ಮೇಲ್ಬದಿಯಲ್ಲಿ ತೋಟವಿದ್ದು, ಮಳೆನೀರು ಇಂಗಲೆಂದು ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಸಿದ್ದರೆ, ಗಿಡಕ್ಕೆ ಒಳ್ಳೆಯದಾದ ಆ ನೀರೇ ಸೆಲ್ಲಾರಿಗೆ ಬರುತ್ತಿರಬಹುದು. ಮನೆಗೆ ಹತ್ತಿರದ ಗುಂಡಿಗಳನ್ನು ಮುಚ್ಚಿಸುವುದು ಲೇಸು. ನಮ್ಮಲ್ಲಿ ಒಸರಿನ ಬಹುಪಾಲು ಇಂಥ ಸಣ್ಣ ಕೆಲಸಗಳಿಂದಲೇ ನಿಂತಿತು.

ಉಳಿದ ನೀರಿಗೆ ಗೋಡೆಯ ಹೊರಬದಿಯಲ್ಲಿ, ಧರೆಗೂ ಗೋಡೆಗೂ ನಡುವೆ, ಸೆಲ್ಲಾರಿನ ನೆಲಕ್ಕಿಂತ ತುಸು ಕೆಳಮಟ್ಟದವರೆಗೆ, ಆದರೆ ಪಾಯದ ತಳಕ್ಕಿಂತ ಕೆಳಗಿಳಿಯದಂತೆ, ಕಾಲುವೆ ತೆಗೆಯಬೇಕು. ಅದರ ತಳದಲ್ಲಿ ನೂರು ಅಡಿಗೆ ಒಂದು ಅಡಿಯಂತೆ ಇಳುಕಲು ಕೊಟ್ಟು, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿರುವ 4 ಇಂಚಿನ ಪಿವಿಸಿ ಪೈಪನ್ನು ತೂತುಗಳು ಕೆಳಮುಖವಾಗುವಂತೆ ಇಟ್ಟು, ಸುತ್ತಲೂ 20 ಮಿ.ಮೀ. ಮತ್ತು 40 ಮಿ.ಮೀ. ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಿ ಮುಚ್ಚಬೇಕು. ಬಟ್ಟೆಯಿಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಕೆಮ್ಮಣ್ಣು ಜಲ್ಲಿಯ ಸಂದುಗಳನ್ನು ತುಂಬಿಬಿಡುತ್ತದೆ. ಕಾಲುವೆ ತೆರೆದಿರುವಾಗಲೇ ಗೋಡೆಯ ಹೊರಮುಖವನ್ನು ತೊಳೆದು, ಸಂದುಗಳನ್ನು ಗಾರೆಯಿಂದ ತುಂಬಿ, ಸಿಮೆಂಟ್ ಆಧಾರಿತ ವಾಟರ್‌ಪ್ರೂಫಿಂಗ್ ಲೇಪವನ್ನು ಎರಡು ಕೈ ಬಳಿಸುವುದು ಒಳ್ಳೆಯದು, ಏಕೆಂದರೆ ನೀರು ಬರುವ ಬದಿಯಿಂದ ಬಳಿದ ಲೇಪ ನೀರಿನ ಒತ್ತಡಕ್ಕೆ ಗೋಡೆಗೇ ಅಂಟಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಒಂದೂವರೆ ಮೀಟರಿಗಿಂತ ಆಳದ ಕಾಲುವೆಗೆ ಹಲಗೆ ಕೊಟ್ಟು ಆಸರೆ ಮಾಡದೆ ಯಾರನ್ನೂ ಇಳಿಸಬಾರದು. ಧರೆ ಜಾರಿದರೆ ಎದೆಮಟ್ಟದ ಮಣ್ಣೇ ಉಸಿರು ಕಟ್ಟಿಸುತ್ತದೆ. ಒಂದೇ ಸಲಕ್ಕೆ ಉದ್ದಕ್ಕೂ ಅಗೆಯದೆ, ಐದಾರು ಅಡಿಯ ತುಂಡುಗಳಾಗಿ, ಒಣಗಾಲದಲ್ಲಿ ಮಾತ್ರ, ಕೆಳಬದಿಯ ಕೊನೆಯಿಂದ ಮೇಲಕ್ಕೆ ಅಗೆದು ಮುಚ್ಚುತ್ತ ಸಾಗಬೇಕು.

ಹೊರಗಿನಿಂದ ಅಗೆಯಲು ಜಾಗವೇ ಇಲ್ಲದ ಮನೆಗಳಲ್ಲಿ, ಮೇಲೆ ರಸ್ತೆ ಇರುವಲ್ಲಿ ವಿಶೇಷವಾಗಿ, ಕೆಲಸವನ್ನು ಒಳಗಿನಿಂದಲೇ ಮಾಡಬೇಕು. ಧರೆಯ ಗೋಡೆಗೆ ಬುಡದ ಹತ್ತಿರ ನಾಲ್ಕಾರು ಅಡಿಗೊಂದರಂತೆ ನೀರು ಹೊರಬರುವ ತೂತುಗಳನ್ನು ಮಾಡಿಸಿ, ಅದರ ಎದುರು ಎರಡು ಇಂಚು ಬಿಟ್ಟು, 4 ಇಂಚಿನ ಸಾಲಿಡ್ ಬ್ಲಾಕಿನ ಇನ್ನೊಂದು ತೆಳು ಗೋಡೆ ಎಬ್ಬಿಸಬೇಕು. ಎರಡು ಗೋಡೆಗಳ ನಡುವಿನ ಸಂದಿನ ತಳದಲ್ಲಿ ಸಿಮೆಂಟಿನ ಚಿಕ್ಕ ಕಾಲುವೆ ಮಾಡಿ, ಅದನ್ನು ಪೈಪಿನ ಮೂಲಕ ಕೆಳ ಅಂಗಳಕ್ಕೆ ಬಿಡಬೇಕು. ಆಗ ಕಲ್ಲಿನ ಗೋಡೆ ಎಷ್ಟಾದರೂ ಒಸರಲಿ, ಕೋಣೆಯ ಗೋಡೆ ಒಣಗಿರುತ್ತದೆ. ಬ್ಲಾಕ್ ಕಟ್ಟುವಾಗ ಸಂದಿಗೆ ಬಿದ್ದ ಗಾರೆಯ ಉಂಡೆಗಳು ಎರಡು ಗೋಡೆಗಳ ನಡುವೆ ಸೇತುವೆಯಾಗಿ ತೇವವನ್ನು ದಾಟಿಸುವುದರಿಂದ, ಸಂದಿನಲ್ಲಿ ಒಂದು ರೀಪರು (ಮರದ ಪಟ್ಟಿ) ಇಟ್ಟು, ಪ್ರತಿ ಎರಡು ವರಸೆಗೊಮ್ಮೆ ಅದನ್ನು ಮೇಲೆತ್ತಿ ಗಾರೆ ತೆಗೆಯುವಂತೆ ಮೇಸ್ತ್ರಿಗೆ ಹೇಳಬೇಕು. ಕಾಲುವೆಯನ್ನು ತೊಳೆಯಲು ಎರಡೂ ಕೊನೆಯಲ್ಲಿ ಚಿಕ್ಕ ಬಾಗಿಲು ಬಿಡಿಸುವುದನ್ನು ಮರೆಯಬಾರದು. ಕೋಣೆಯಿಂದ ಅರ್ಧ ಅಡಿ ಕಳೆದುಕೊಳ್ಳುತ್ತೇವೆ. ಆ ನಷ್ಟಕ್ಕೆ ನಾನು ಎಂದೂ ಬೇಸರಿಸಿಲ್ಲ.

ನೆಲಕ್ಕೆ ಬಂದರೆ, ಹಳೆಯ ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿಸುವ ಆಸೆಯನ್ನು ಬಿಡಬೇಕು. ಅದನ್ನು ಒಡೆದು, ಮಣ್ಣನ್ನು ದಮ್ಮಸು ಮಾಡಿ, ಗೆದ್ದಲಿನ ಔಷಧಿ ಹಾಕಿಸಿ, ಅರ್ಧ ಅಡಿ ದಪ್ಪಕ್ಕೆ ದಪ್ಪ ಜಲ್ಲಿ ಹರಡಿ, ಅದರ ಮೇಲೆ ತೆಳುವಾಗಿ ಮರಳು ಹಾಸಿ, 250 ಮೈಕ್ರಾನಿನ ಪಾಲಿಥೀನ್ ಹಾಳೆಯನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ ಟೇಪು ಹಚ್ಚಿ, ಗೋಡೆಯ ಮೇಲೂ ಒಂದಿಷ್ಟು ಎತ್ತಿ ನಿಲ್ಲಿಸಿ, ಆಮೇಲೆ 4 ಇಂಚು ಕಾಂಕ್ರೀಟ್ ಹಾಕಿಸಬೇಕು. ಜಲ್ಲಿಯ ಪದರಕ್ಕೆ ಬಂದ ಜಲವೂ ಹೊರಗಿನ ಅದೇ ಪೈಪಿಗೆ ಸೇರುವಂತಿರಬೇಕು. ಬಚ್ಚಲಿನ ಪೈಪುಗಳೆಲ್ಲ ಈ ಹಾಳೆಯ ಕೆಳಗೆ ಹೋಗುವುದರಿಂದ, ಕಾಂಕ್ರೀಟಿಗೆ ಮುಂಚೆಯೇ ಪ್ಲಂಬರ್ ಬಂದು ಮುಗಿಸಿರಬೇಕು.

ಬಚ್ಚಲಿನ ವಿಚಾರದಲ್ಲಿ ಟೈಲ್ಸಿನ ಬಣ್ಣಕ್ಕಿಂತ ಮುಂಚೆ ತಿಳಿಯಬೇಕಾದ ಒಂದೇ ಪ್ರಶ್ನೆ: ಇಲ್ಲಿನ ಕೊಳೆನೀರು ತಾನಾಗಿಯೇ ಹೋಗುತ್ತದೆಯೇ? ಮೇಸ್ತ್ರಿಯ ನೀರು ತುಂಬಿದ ಲೆವೆಲ್ ಪೈಪಿನಿಂದ ಬಚ್ಚಲಿನ ನೆಲದ ಮಟ್ಟವನ್ನೂ ಹೊರಗಿನ ಚರಂಡಿ ಚೇಂಬರಿನ ಅಥವಾ ಶೌಚದ ತೊಟ್ಟಿಯ (ಸೆಪ್ಟಿಕ್ ಟ್ಯಾಂಕಿನ) ಒಳಹರಿವಿನ ಮಟ್ಟವನ್ನೂ ಹೋಲಿಸಿ ನೋಡಬೇಕು. ಕಮೋಡಿನಿಂದ ಹೊರಟ 4 ಇಂಚಿನ ಪೈಪಿಗೆ ಪ್ರತಿ ಅಡಿಗೆ ಕಾಲಿಂಚು ಇಳುಕಲು ಬೇಕು, ಎಂದರೆ 20 ಅಡಿ ದೂರಕ್ಕೆ 5 ಇಂಚು. ಮನೆಯ ಹಳೆಯ ತೊಟ್ಟಿ ಮೇಲಿನ ಅಂಗಳದಲ್ಲಿದ್ದರೆ ಸೆಲ್ಲಾರಿನ ಕೊಳೆನೀರು ಅಲ್ಲಿಗೆ ಹತ್ತುವುದಿಲ್ಲ. ಅದನ್ನು ಅರೆದು ಮೇಲೆತ್ತುವ ಪಂಪುಗಳು ಮಾರುಕಟ್ಟೆಯಲ್ಲಿವೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದ ನಮ್ಮ ಕಡೆಯಲ್ಲಿ, ವಿದ್ಯುತ್ತನ್ನು ನಂಬಿದ ಶೌಚಾಲಯವನ್ನು ನಾನು ಯಾರಿಗೂ ಹೇಳಲಾರೆ. ಕೆಳ ಅಂಗಳದಲ್ಲಿ ಬೇರೆಯದೇ ತೊಟ್ಟಿ ಕಟ್ಟಿಸುವುದು ಖರ್ಚಿನದಾದರೂ ನಿಶ್ಚಿಂತೆಯದು. ಐದು ಜನರ ಬಳಕೆಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರು ನಿಲ್ಲುವ ಆಳ 1 ಮೀಟರ್ ಇದ್ದರೆ ಸಾಕಾಗುತ್ತದೆ. ಅದರಿಂದ ಹೊರಬಂದ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರವಿರಬೇಕು. ಇಳಿಜಾರಿನಲ್ಲಿ ನಿಮ್ಮ ಬಾವಿಯಷ್ಟೇ ಅಲ್ಲ, ಕೆಳಗಿನ ಮನೆಯವರ ಬಾವಿಯೂ ಈ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಜಲ ತೀರ ಮೇಲಕ್ಕೆ ಬರುವ ಜಾಗವಾದರೆ ಇಂಗುಗುಂಡಿ ತಾನೇ ತುಂಬಿ ನಿಲ್ಲುತ್ತದೆ, ಆದ್ದರಿಂದ ಅದರ ಸ್ಥಳವನ್ನೂ ಒಂದು ಮಳೆಗಾಲ ನೋಡಿಯೇ ನಿಶ್ಚಯಿಸಬೇಕು.

ಪಟ್ಟಣದೊಳಗೆ ಒಳಚರಂಡಿ ಇರುವವರಿಗೆ ಬೇರೆ ತೊಂದರೆಯುಂಟು. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ತುಂಬಿದಾಗ ಕೊಳೆನೀರು ಹಿಂದಕ್ಕೆ ಒತ್ತಿಕೊಂಡು ಬಂದು, ಅತ್ಯಂತ ಕೆಳಗಿರುವ ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಎಂದರೆ ನೆಲದ ನೀರು ಇಳಿಯುವ ಬಾಯಿಯಲ್ಲಿ, ಉಕ್ಕುತ್ತದೆ. ಬಚ್ಚಲಿನ ನೆಲ ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳಕ್ಕಿಂತ ಕೆಳಗಿದ್ದರೆ, ನೀರನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವನ್ನು ಮನೆಯಿಂದ ಹೊರಗೆ, ಕೈಗೆ ಸಿಗುವ ಚೇಂಬರಿನಲ್ಲಿ ಕೂರಿಸಬೇಕು. ಮೇಲಿನ ಅಂತಸ್ತಿನ ಪೈಪು ಆ ವಾಲ್ವಿನ ಆಚೆ ಸೇರಬೇಕು. ಈಚೆ ಸೇರಿದರೆ ವಾಲ್ವು ಮುಚ್ಚಿದ ಹೊತ್ತಿನಲ್ಲಿ ಮೇಲಿನವರು ಸುರಿದ ನೀರೇ ಕೆಳಗಿನವರ ಬಚ್ಚಲಲ್ಲಿ ಏಳುತ್ತದೆ.

ಟ್ರ್ಯಾಪುಗಳಲ್ಲಿ ಎರಡು ಇಂಚು ನೀರು ಸದಾ ನಿಂತಿರುವಂತಿರಬೇಕು, ಗಾಳಿಯ ಪೈಪನ್ನು ಮೇಲಿನ ಮಾಡಿಗಿಂತ ಎತ್ತರಕ್ಕೆ ಒಯ್ಯಬೇಕು; ಇವೆರಡೂ ಸರಿಯಿಲ್ಲದ ಬಚ್ಚಲಿನ ವಾಸನೆ ಮಲಗುವ ಕೋಣೆಗೇ ಬರುತ್ತದೆ. ನೆಲಕ್ಕೂ ಗೋಡೆಯ ಮೇಲೆ ಒಂದು ಅಡಿಯವರೆಗೂ, ಸ್ನಾನದ ಮೂಲೆಯಲ್ಲಿ ಆಳೆತ್ತರಕ್ಕೂ ಲೇಪ ಬಳಿಸಿ, ಟ್ರ್ಯಾಪಿನ ಬಾಯಿ ಕಟ್ಟಿ, ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸಿಗೆ ಒಪ್ಪಿಗೆ ಕೊಡಬೇಕು. ಹಿರಿಯರಿಗಾಗಿ ಕಟ್ಟಿಸುವುದಾದರೆ ಬಾಗಿಲು ಮೂರು ಅಡಿ ಅಗಲವಿರಲಿ, ನೆಲದ ಟೈಲ್ಸ್ ಜಾರದಂಥದ್ದಾಗಿರಲಿ, ಕಮೋಡಿನ ಪಕ್ಕದ ಗೋಡೆಯಲ್ಲಿ ಹಿಡಿಕೆ ಇರಲಿ.

ಬಿಸಿನೀರಿನ ವ್ಯವಸ್ಥೆಯ ಬಗ್ಗೆ ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ. ಗ್ಯಾಸ್ ಗೀಸರನ್ನು ಸೆಲ್ಲಾರಿನ ಬಚ್ಚಲೊಳಗೆ ಕೂರಿಸಲೇಬಾರದು. ಗಾಳಿಯಾಡದ ಚಿಕ್ಕ ಜಾಗದಲ್ಲಿ ಉರಿ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ಹಳೆಯ ಮನೆಗಳ ಹಂಡೆ ಒಲೆಯ ಬಚ್ಚಲುಮನೆಗೆ ಹೆಂಚಿನ ಮಾಡಿತ್ತು, ಸಂದುಗಳಿದ್ದವು, ಹೊಗೆ ಹೋಗುತ್ತಿತ್ತು. ತಾರಸಿಯ ಕೆಳಗಿನ ಈ ಕೋಣೆಗೆ ಆ ಅನುಕೂಲವಿಲ್ಲ. ಇದೇ ಕಾರಣಕ್ಕೆ ಮಳೆಗಾಲದ ಥಂಡಿಗೆಂದು, ಬಟ್ಟೆ ಆರಿಸಲೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಮಲಗುವ ರೂಢಿಯನ್ನೂ ಇಲ್ಲಿಗೆ ತರಬಾರದು. ಹೊರಗಿನ ಗೋಡೆಯ ಆಚೆ ಒಲೆ ಕಟ್ಟಿಸಿ, ಪೈಪಿನಲ್ಲಿ ಬಿಸಿನೀರು ತರಬಹುದು; ಇಲ್ಲವೇ ವಿದ್ಯುತ್ ಗೀಸರು ಅಥವಾ ಸೋಲಾರ್ ಬಳಸಬಹುದು.

ವಿದ್ಯುತ್ತಿನ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಈ ಎರಡು ಕೋಣೆಗಳಿಗೆ ಪ್ರತ್ಯೇಕವಾಗಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗನ್ನು ಪರೀಕ್ಷಿಸಬೇಕು. ಸಾಕೆಟ್ಟುಗಳನ್ನು ನೆಲದ ಪಟ್ಟಿಯ ಹತ್ತಿರ ಇಡದೆ ಎರಡೂವರೆ ಅಡಿ ಎತ್ತರಕ್ಕೆ ಇಡಬೇಕು, ಧರೆಯ ಗೋಡೆಯಲ್ಲಿ ಒಂದನ್ನೂ ಇಡಬಾರದು. ವಿದ್ಯುತ್ ಲೋಡ್ ಹೆಚ್ಚಿದರೆ ಹಾಸನದವರು ಸೆಸ್ಕ್ ಕಚೇರಿಗೂ ಚಿಕ್ಕಮಗಳೂರಿನವರು ಮೆಸ್ಕಾಂ ಕಚೇರಿಗೂ ಅರ್ಜಿ ಕೊಡಬೇಕು.

ಕಿಟಕಿಗಳಿಗೆ ಸಂಹಿತೆ ಹೇಳುವ ಲೆಕ್ಕ ಬಿಸಿ ಮತ್ತು ತೇವದ ಹವೆಗೆ ನೆಲದ ವಿಸ್ತೀರ್ಣದ ಆರನೇ ಒಂದು ಭಾಗ. 120 ಚದರ ಅಡಿಯ ಕೋಣೆಗೆ 20 ಚದರ ಅಡಿ, ಎಂದರೆ 4 ಅಡಿಗೆ ಎರಡೂವರೆ ಅಡಿಯ ಎರಡು ಕಿಟಕಿ. ಸಾಧ್ಯವಾದರೆ ಎರಡನ್ನೂ ಒಂದೇ ಗೋಡೆಯಲ್ಲಿ ಇಡದೆ ಗಾಳಿ ಹಾಯುವಂತೆ ಇಡಬೇಕು. ಕಲ್ಲಿನ ಗೋಡೆಯೇ ಮೇಲಿನ ಮನೆಯನ್ನು ಹೊತ್ತಿರುವುದರಿಂದ, ಅದನ್ನು ಒಡೆಯುವ ಮೊದಲು ಮೇಲಿನ ಭಾರವನ್ನು ಜಾಕಿಗಳಿಂದ ಹಿಡಿದು, ಎರಡೂ ಬದಿಗೆ ಕನಿಷ್ಠ ಅರ್ಧ ಅಡಿ ಕೂರುವ ಕಾಂಕ್ರೀಟ್ ಲಿಂಟೆಲ್ (ಕಿಟಕಿಯ ಮೇಲಿನ ತೊಲೆ) ಸೇರಿಸಿ, ಅದು ಗಟ್ಟಿಯಾದ ಮೇಲಷ್ಟೇ ಕೆಳಗಿನ ಕಲ್ಲುಗಳನ್ನು ತೆಗೆಯಬೇಕು. ಒಂದು ಕಿಟಕಿಯ ಸರಳುಗಳಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯುವಂತಿರಬೇಕು, ಬಾಗಿಲ ಬಳಿ ಬೆಂಕಿಯೋ ಮಣ್ಣೋ ಅಡ್ಡವಾದರೆ ಆ ಕೋಣೆಯವರಿಗೆ ಅದೇ ದಾರಿ. ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಹೊರಗಿನ ಬಯಲಿಗೇ ಬಿಡಬೇಕು, ಮೆಟ್ಟಿಲ ಕೆಳಗಿನ ಮೂಲೆಗಲ್ಲ.

ಗೋಡೆಗೆ ಪುಟ್ಟಿಯನ್ನೂ ಪ್ಲಾಸ್ಟಿಕ್ ಎಮಲ್ಷನ್ನನ್ನೂ ಮೊದಲ ವರ್ಷ ಬಳಿಯದೆ ಸುಣ್ಣ ಬಳಿಯುವುದು ಉತ್ತಮ. ಸುಣ್ಣದ ಗೋಡೆ ಒಳಗೆ ಉಳಿದ ತೇವವನ್ನು ಹೊರಬಿಡುತ್ತದೆ, ಎಲ್ಲಿ ಕಲೆ ಬಿತ್ತೆಂಬುದನ್ನೂ ಮುಚ್ಚಿಡದೆ ತೋರಿಸುತ್ತದೆ. ಧರೆಯ ಗೋಡೆಗೆ ಪ್ಲೈವುಡ್ಡಿನ ಬೀರು, ಜಿಪ್ಸಂ ಹಲಗೆ ಬೇಡ. ಬಟ್ಟೆಯ ಗೂಡಿಗೆ ಕಡಪ ಕಲ್ಲಿನ ಹಲಗೆಗಳು ಸಾಕು, ಮಂಚವನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ಹಾಕಿದರಾಯಿತು.

ಕಾಲದ ಲೆಕ್ಕ ಹೀಗಿಟ್ಟುಕೊಂಡರೆ ಅನುಕೂಲ. ಅಗೆತ ಮತ್ತು ಕಾಲುವೆಯ ಕೆಲಸವನ್ನು ದೀಪಾವಳಿ ಕಳೆದ ಕೂಡಲೇ ಹಿಡಿಯಬೇಕು, ಏಕೆಂದರೆ ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು ಜೋರಾದರೆ ಅಗೆಯುವ ಆಳುಗಳು ಸಿಗುವುದಿಲ್ಲ. ಕಲ್ಲು, ಕಾಂಕ್ರೀಟ್, ಪೈಪುಗಳ ಕೆಲಸ ಮಾರ್ಚಿಗೆ, ಟೈಲ್ಸು ಮತ್ತು ಬಾಗಿಲು ಕಿಟಕಿ ಮೇ ನಡುವಿಗೆ ಮುಗಿದಿರಬೇಕು. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಕೆಳ ಅಂಗಳದ ಪೈಪಿನ ಬಾಯಿಯನ್ನು ನೋಡಬೇಕು: ತಿಳಿನೀರು ಹರಿಯುತ್ತಿದ್ದರೆ ಕಾಲುವೆ ಕೆಲಸ ಮಾಡುತ್ತಿದೆ, ಕೆಂಪು ನೀರು ಬಿಡದೆ ಬರುತ್ತಿದ್ದರೆ ಎಲ್ಲೋ ಬಟ್ಟೆ ಹರಿದು ಧರೆಯ ಮಣ್ಣು ಕರಗುತ್ತಿದೆ, ಹೊರಗೆ ಮಳೆ ಸುರಿಯುತ್ತಿದ್ದೂ ಪೈಪು ಒಣಗಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಆ ಬಾಯಿಗೆ ತುಕ್ಕು ಹಿಡಿಯದ ಜಾಲರಿ ಕಟ್ಟಬೇಕು. ನಾವು ಕಟ್ಟದೆ ಬಿಟ್ಟಿದ್ದ ಮೊದಲ ವರ್ಷ, ಒಂದು ಕೇರೆ ಹಾವು ಗೋಡೆಯ ಸಂದಿನ ಕಾಲುವೆಯವರೆಗೂ ಬಂದು, ತೊಳೆಯಲೆಂದು ಚಿಕ್ಕ ಬಾಗಿಲು ತೆಗೆದ ನನ್ನನ್ನೇ ನೋಡುತ್ತ ಮಲಗಿತ್ತು.